ಮದ್ದು ಹಾಕಿದವರು ಯಾರು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಬರೆಯುವವನು ಎಂದು ಹೊರಗಿನವರು ತಿಳಿಯುತ್ತಾರೆ. ನಿಜದಲ್ಲಿ ಅವನು ಕೂಗುವವನು. ಬೆಳಗ್ಗೆ ಮಸ್ಟರಿಗೆ ನಿಂತ ಆಳುಗಳ ಹೆಸರು ಒಂದೊಂದಾಗಿ ಕೂಗಬೇಕು, ಯಾರು ಪಿಕಿಂಗಿಗೆ, ಯಾರು ಗೊಬ್ಬರ ಹೊರಲು ಎಂದು ಹೇಳಬೇಕು. ನನ್ನ ದನಿ ಆಳುಗಳ ಮನೆಗಳ ಸಾಲಾದ ಲೈನಿನ ಕೊನೆಯ ಮನೆಯ ಒಲೆಯವರೆಗೂ ಮುಟ್ಟುತ್ತಿತ್ತು. ಮನೆಯಲ್ಲಿ ಅವ್ವನಿಂದ ಕಲಿತ ಅರೆಭಾಷೆ, ಲೈನಿನಲ್ಲಿ ತಮಿಳು, ಮಲಯಾಳ, ಎಸ್ಟೇಟಿನ ದೊರೆಯ ಮುಂದೆ ನಾಲ್ಕು ಇಂಗ್ಲಿಷ್ ಮಾತು, ಎಲ್ಲವೂ ಒಂದೇ ಗಂಟಲಿನಿಂದ ಹೊರಡಬೇಕು. ಆ ಗಂಟಲು ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೆಟ್ಟುಹೋಯಿತು. ಅದು ಹೇಗೆ ಕೆಟ್ಟಿತು, ಯಾರು ಕೆಡಿಸಿದರು ಎಂದು ನಮ್ಮ ಮನೆಯಲ್ಲಿ ನಡೆದ ವಿಚಾರಣೆಯನ್ನು ಬರೆಯಲು ಕೂತಿದ್ದೇನೆ. ಇಂಥದೇ ಕಾಯಿಲೆಯಿಂದ ಯಾವುದೋ ಮನೆಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತವರು ಇದನ್ನು ಓದಿದರೆ, ಅವರಿಗಲ್ಲದಿದ್ದರೂ ಆ ಮನೆಯಲ್ಲಿ ಅಡುಗೆ ಮಾಡುವವರಿಗಾದರೂ ಒಳ್ಳೆಯದಾದೀತು.

ಮೊದಲು ಬಂದದ್ದು ಚಳಿ. ಕೊಡಗಿನಲ್ಲಿ ಚಳಿ ಯಾರಿಗಿಲ್ಲ ಎಂದು ಸುಮ್ಮನಿದ್ದೆ. ಕಾಫಿ ಹೂ ಬಿಟ್ಟು, ಬಿಸಿಲು ನೆತ್ತಿ ಸುಡುವಾಗಲೂ ನನಗೆ ಕಂಬಳಿ ಬೇಕಾಯಿತು. ಆಮೇಲೆ ಮುಖ ಊದಿತು. ಬೆಳಗ್ಗೆ ಕನ್ನಡಿಯಲ್ಲಿ ನೋಡಿದರೆ ಯಾರೋ ನನ್ನ ಅಣ್ಣ ನಿಂತ ಹಾಗೆ. ಕೂತಲ್ಲೇ ನಿದ್ದೆ. ಮಸ್ಟರಿನಲ್ಲಿ ಹೆಸರು ಕೂಗಿದರೆ ತಗಡಿನ ಮೇಲೆ ಜಲ್ಲಿ ಎಳೆದ ಸದ್ದು. ಒಂದು ದಿನ ಮೇಸ್ತ್ರಿ ಎಲ್ಲರ ಮುಂದೆ ಕೇಳಿಯೇಬಿಟ್ಟ. "ಏನ್ ರೈಟರೇ, ಮನೇಲಿ ದನಿ ತೆಗೆಯೋಕೆ ಪರ್ಮಿಟ್ ಸಿಗೋದಿಲ್ವಾ?" ಆಳುಗಳೆಲ್ಲ ಗೊಳ್ಳೆಂದರು. ತಿರುಗಿಸಿ ಕೊಡಲು ನನಗೆ ಮಾತು ಹೊಳೆಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಹೊಳೆಯಿತು.

ಅವ್ವನಿಗೆ ಸಂಶಯ ಬಂದದ್ದು ಇದ್ಯಾವುದರಿಂದಲೂ ಅಲ್ಲ. ನಾನು 'ಹೂಂ' ಅನ್ನತೊಡಗಿದ್ದರಿಂದ. ಅದಕ್ಕೆ ಮೊದಲು ಸಾರಿಗೆ ಉಪ್ಪು ಹೆಚ್ಚಾದರೆ ನಾನು ಮನೆ ಮಾಡು ಹಾರುವಂತೆ ಕೂಗುತ್ತಿದ್ದೆ. ನನ್ನ ಹೆಂಡತಿ ದೇವಕಿಯೂ ಸುಮ್ಮನಿರುವವಳಲ್ಲ, ಸಮಕ್ಕೆ ಸಮ ಕೊಡುತ್ತಿದ್ದಳು. ಈಗ ಅವಳು ಏನು ಹೇಳಿದರೂ 'ಹೂಂ'. ತವರಿಗೆ ಹೋಗಿ ಬರ್ತೇನೆ, ಹೂಂ. ಹೊಸ ಸೀರೆ ಬೇಕು, ಹೂಂ. ಅವ್ವ ಇದನ್ನು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಕೇಳಿಸಿಕೊಂಡು, ತಮ್ಮನಿಗೆ, ಎಂದರೆ ನನ್ನ ಸೋದರಮಾವನಿಗೆ, ಹೇಳಿ ಕಳಿಸಿದರು.

ಮಾವ ಭಾಗಮಂಡಲದ ಕಡೆಯಿಂದ ಬಂದು ನನ್ನನ್ನು ಜಗಲಿಯಲ್ಲಿ ಕೂರಿಸಿ, ಎತ್ತು ಕೊಳ್ಳುವವರ ಹಾಗೆ ಸುತ್ತ ತಿರುಗಿ ನೋಡಿದರು. ಕಣ್ಣಿನ ರೆಪ್ಪೆ ಎಳೆದರು. ನಾಲಿಗೆ ಚಾಚಿಸಿದರು. ಆಮೇಲೆ ಅವ್ವನನ್ನು ಕರೆದು, ಒಳಗೆ ಕೇಳುವ ಹಾಗೇ ಹೇಳಿದರು. "ಅಕ್ಕ, ಇದು ಜ್ವರ ಅಲ್ಲ, ಶೀತ ಅಲ್ಲ. ಇದು ಮದ್ದು."

ನಮ್ಮ ಕಡೆ ಈ ಮಾತಿಗೆ ಎರಡು ಮುಖ. ಕಾಯಿಲೆ ವಾಸಿ ಮಾಡುವುದೂ ಮದ್ದೇ. ಊಟದಲ್ಲಿ ಗುಟ್ಟಾಗಿ ಬೆರೆಸಿ, ಮನುಷ್ಯನನ್ನು ಮಂಕು ಮಾಡಿ ಕೈಯೊಳಗೆ ಇಟ್ಟುಕೊಳ್ಳುವುದೂ ಮದ್ದೇ. ಮೊದಲನೆಯದನ್ನು ಕೊಡುತ್ತಾರೆ, ಎರಡನೆಯದನ್ನು ಹಾಕುತ್ತಾರೆ. ಯಾವ ಗಂಡಸು ಹೆಂಡತಿಯ ಮಾತಿಗೆ ತಲೆ ಆಡಿಸಿದರೂ ಊರವರು ಕೇಳುವ ಮೊದಲ ಪ್ರಶ್ನೆ, ಮದ್ದು ಹಾಕಿದ್ದಾಳಾ ಎಂದು. ಮುಖ ಊದಿ, ದನಿ ಒಡೆದು, ಹೂಂ ಹೂಂ ಎನ್ನುವ ಗಂಡ ಸಿಕ್ಕಿದರೆ ಕೇಳುವುದೇನು, ತೀರ್ಪೇ.

"ನನ್ನ ಗಂಡನನ್ನ ಮಂಕು ಮಾಡಿ ನಂಗೆಂಥ ಸಿಕ್ಕುದು?" ಎಂದು ಒಳಗಿನಿಂದ ದೇವಕಿ ಕೇಳಿದಳು. ಉತ್ತರ ನಾನು ಕೊಡಬೇಕಿತ್ತು. ನಿಧಾನದ ಮನಸ್ಸು, ಅದು ಹೌದಾ ಅಲ್ಲವಾ ಎಂದು ಇನ್ನೂ ತೂಗುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನೇರ ನೋಡಲಿಲ್ಲ. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುವ ನೆವ ಹೂಡಿ ಕೂರುವರು. ದೇವಕಿ ಬೆನ್ನು ತಿರುಗಿಸಿದರೆ ಪಾತ್ರೆಯ ಮುಚ್ಚಳ ತೆಗೆದು ನೋಡುವರು. ನಾನೂ ಕಾಫಿ ಲೋಟ ತುಟಿಗಿಡುವ ಮೊದಲು ಮೂಸಿ ನೋಡುತ್ತಿದ್ದೆ. ಒಂದು ದಿನ ಕಾಫಿಗೆ ಒಂಥರಾ ಖಾರ ಇದ್ದಂತೆ ಅನ್ನಿಸಿತು. ಮರುದಿನವೂ ಅನ್ನಿಸಿತು. ಹೇಳಲಿಲ್ಲ, ಕುಡಿದೆ. ಸಂಶಯ ಇದ್ದರೂ ಕುಡಿದೆನಲ್ಲ, ಅದೇ ಮದ್ದಿನ ಗುಣ ಇರಬೇಕು ಎಂದು ಅದರ ಮೇಲೂ ಸಂಶಯಪಟ್ಟೆ.

ಮಾವ ನನ್ನನ್ನು ಘಟ್ಟದ ಕೆಳಗೆ ಒಬ್ಬರ ಹತ್ತಿರ ಕರೆದುಕೊಂಡು ಹೋದರು. ಮದ್ದು ತೆಗೆಯುವುದರಲ್ಲಿ ಅವರದು ದೊಡ್ಡ ಹೆಸರಂತೆ. ಜಗಲಿಯಲ್ಲಿ ನನ್ನಂಥವರೇ ಸಾಲಾಗಿ ಕೂತಿದ್ದರು. ಎಲ್ಲ ಗಂಡಸರು, ಜೊತೆಗೆ ಅವರವರ ಅಮ್ಮಂದಿರು. ಒಬ್ಬರ ಜೊತೆಗೂ ಹೆಂಡತಿ ಇರಲಿಲ್ಲ. ನನ್ನ ಸರದಿ ಬಂದಾಗ ಯಾವುದೋ ಸೊಪ್ಪಿನ ರಸ ಕುಡಿಸಿದರು. ಕರುಳು ಬಾಯಿಗೆ ಬರುವಷ್ಟು ವಾಂತಿಯಾಯಿತು. ಆ ಮನುಷ್ಯ ಕಡ್ಡಿಯಿಂದ ಕೆದಕಿ, ಕಪ್ಪನೆಯ ಒಂದು ಉಂಡೆ ಎತ್ತಿ ತೋರಿಸಿದರು. "ನೋಡಿ, ಇದು ಹೊಟ್ಟೆಯಲ್ಲಿ ಬೇರು ಬಿಟ್ಟಿತ್ತು. ಬಳೆ ತೊಟ್ಟ ಕೈಯಿಂದ ಬಂದದ್ದು. ಮನೆಯ ಒಳಗಿನದೇ."

ನಮ್ಮ ಮನೆಯಲ್ಲಿ ಬಳೆ ತೊಟ್ಟ ಕೈ ಒಂದೇ ಜೋಡಿ. ಅಪ್ಪ ಹೋದ ಮೇಲೆ ಅವ್ವನ ಕೈ ಬರಿದು.

ಹಿಂದಿರುಗಿ ಬರುವಾಗ ನನ್ನನ್ನು ಒಂದು ಸಂಗತಿ ಕೊರೆಯುತ್ತಿತ್ತು. ಬಸ್ಸು ಘಟ್ಟ ಹತ್ತಿ ಮುಗಿಯುವಾಗ ಅದು ಮಾತಾಗಿ ಹೊರಬಂತು. "ಮಾವ, ಬಾಕಿ ಎಲ್ಲ ಒದ್ದೆ ಇತ್ತು. ಆ ಉಂಡೆ ಮಾತ್ರ ಒಣಗಿತ್ತು."

"ಮದ್ದು ಒದ್ದೆ ಆಗುದಿಲ್ಲೆ," ಎಂದರು ಮಾವ, ಕಿಟಕಿಯ ಹೊರಗೆ ನೋಡುತ್ತ.

ಬಳೆಯ ಮಾತು ಕೇಳಿದ್ದೇ ಅವ್ವ ಅಡುಗೆಮನೆಯನ್ನು ಬುಡಮೇಲು ಮಾಡಿದರು. ಅಕ್ಕಿ ಪೆಟ್ಟಿಗೆಯ ಹಿಂದೆ ಒಂದು ತೆಂಗಿನ ಗೆರಟೆ ಸಿಕ್ಕಿತು. ಅದರಲ್ಲಿ ಅರೆದ ಏನೋ ಮುದ್ದೆ, ಮೇಲೆ ಬಾಳೆಲೆ ಚೂರು ಮುಚ್ಚಿತ್ತು. ಅವ್ವ ಅದನ್ನು ಜಗಲಿಗೆ ತಂದು ಇಟ್ಟರು. ದೇವಕಿ ಬಚ್ಚಲಿನಿಂದ ಒದ್ದೆ ಕೈಯಲ್ಲೇ ಬಂದಳು.

"ಇದೆಂಥ?"

"ಶುಂಠಿ, ಹಿಪ್ಪಲಿ, ಒಳ್ಳೆಮೆಣಸು. ಇವರ ದನಿಗೆ."

"ಯಾವುದಕ್ಕೆ ಹಾಕ್ತಿದ್ದೆ?"

"ಕಾಫಿಗೆ."

"ಹೇಳದೆ?"

"ಹೇಳಿದರೆ ಕುಡೀತಾರಾ ನಿಮ್ಮ ಮಗ? ಬಾಯಿಗಿಟ್ಟು ಅಂಗಳಕ್ಕೆ ಉಗೀತಾರೆ. ಕೇಳಿ ನೋಡಿ."

ಅದು ನಿಜ. ಖಾರದ ಕಷಾಯವನ್ನು ನಾನು ಹುಟ್ಟಿದಾಗಿನಿಂದ ಉಗಿದವನೇ, ಅವ್ವನಿಗೂ ಗೊತ್ತು. ಆದರೆ ಗೆರಟೆ ಬಚ್ಚಿಟ್ಟದ್ದೂ ನಿಜ, ಕಾಫಿಗೆ ಬೆರೆಸಿದ್ದೂ ನಿಜ. ಮೂವರೂ ಆ ಗೆರಟೆಯನ್ನೇ ನೋಡುತ್ತ ನಿಂತೆವು. ದೇವಕಿ ಅದರಿಂದ ಒಂದು ಚಿಟಿಕೆ ತೆಗೆದು ನಮ್ಮೆದುರೇ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ಬಂತು, ಖಾರಕ್ಕೋ ಬೇರೆಯದಕ್ಕೋ. "ದೇವರ ಮುಂದೆ ಪ್ರಮಾಣ ಮಾಡಿಸಬೇಕೂಂತ ಇವರ ಮಾವ ಹೇಳಿದ್ದು ನಂಗೆ ಕೇಳಿಸಿದೆ. ಪ್ರಮಾಣ ಮಾಡಿದ ಹೆಂಗಸಿನ ಕೈಯ ಅನ್ನ ಆಮೇಲೆ ಯಾರು ಉಣ್ತಾರೆ? ನಾನು ಮಾಡೋದಿಲ್ಲ," ಎಂದಳು. ಚೆಟ್ಟಳ್ಳಿಯ ಕಡೆಗೆ ಹೊರಟಿದ್ದ ಜೀಪು ಹತ್ತಿ ತವರಿಗೆ ಹೋದಳು. ಜೀಪು ತಿರುವಿನಲ್ಲಿ ಮರೆಯಾಗುವ ತನಕ ನಾನು ಅಂಗಳದಲ್ಲೇ ನಿಂತಿದ್ದೆ. 'ನಿಲ್ಲು' ಎಂದು ಕೂಗಲು ದನಿ ಇರಲಿಲ್ಲ ಎಂದರೆ ನೀವು ನಂಬುತ್ತೀರೋ ಇಲ್ಲವೋ.

ಆಮೇಲೆ ಅವ್ವನದೇ ಅಡುಗೆ. ಅಕ್ಕಿ ರೊಟ್ಟಿ, ಕೋಳಿ ಸಾರು, ಕೆಸುವಿನ ಎಲೆ, ನನ್ನ ಚಿಕ್ಕಂದಿನ ರುಚಿ ಒಂದೂ ಬಿಡಲಿಲ್ಲ. ಮದ್ದು ಹೊರಗೆ ಬಂತು, ಹಾಕುವ ಕೈಯೂ ಹೋಯಿತು, ಇನ್ನು ಮಗ ಹುಲಿಯಾಗುತ್ತಾನೆ ಎಂದು ಕಾದರು. ನಾನು ಹುಲಿಯಾಗಲಿಲ್ಲ. ಇನ್ನಷ್ಟು ಊದಿದೆ. ಹುಬ್ಬಿನ ಕೂದಲು ಉದುರಿತು. ಕುತ್ತಿಗೆಯ ಮುಂದೆ ಗಂಟಿನಂಥದು ಎದ್ದು, ಮುಟ್ಟಿದರೆ ನೋಯತೊಡಗಿತು. ಅವ್ವನ ಸಂಶಯ ಕೆಲಸವಿಲ್ಲದೆ ಕೂರಲಿಲ್ಲ. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನ ಚಾ ಮೇಲೆ ಹೋಯಿತು, ದೊರೆಯ ಬಂಗಲೆಯಿಂದ ಬಂದ ಕೇಕಿನ ಮೇಲೆ ಹೋಯಿತು, ಕೊನೆಗೆ ನಮ್ಮ ಬಾವಿಯ ನೀರಿನ ಮೇಲೂ ಹೋಯಿತು. ತಮ್ಮ ಕೈಯ ಅಡುಗೆ ಒಂದನ್ನು ಬಿಟ್ಟು ಎಲ್ಲದರ ಮೇಲೂ ಸಂಶಯಪಟ್ಟು ಮುಗಿದ ಮೇಲೆ, ಒಂದು ಬೆಳಗ್ಗೆ ನಾನು ಮಸ್ಟರಿನಲ್ಲಿ ಹೆಸರು ಕೂಗುತ್ತ ಕೂಗುತ್ತ ಕುಸಿದುಬಿದ್ದೆ. ದೊರೆ ಮಡಿಕೇರಿಗೆ ಕಳಿಸಿದರು. ಮಡಿಕೇರಿಯವರು ಕುತ್ತಿಗೆ ಮುಟ್ಟಿ ನೋಡಿ, ಮೈಸೂರಿಗೆ ಹೋಗಿ ಎಂದರು.

ಅವ್ವ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಂದರು. ನನ್ನನ್ನು ನೋಡಿಕೊಳ್ಳಲು ಅಲ್ಲ, ಡಾಕ್ಟರನ್ನು ನೋಡಿಕೊಳ್ಳಲು.

ಆಸ್ಪತ್ರೆಯ ಬೆಂಚಿನಲ್ಲಿ ಕಾಯುವಾಗ, ಪಕ್ಕದಲ್ಲಿ ಮೈಸೂರಿನವರೇ ಆದ ಒಬ್ಬ ಮುದುಕಿ ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡು ಕೂತಿದ್ದರು. ನನ್ನ ಕಂಬಳಿ ನೋಡಿ ತಮ್ಮ ಶಾಲು ತೆಗೆದು ಅದರ ಮೇಲೆ ಹೊದಿಸಿದರು. "ನನಗೂ ಹೀಗೇ ಚಳಿ ಕಣಪ್ಪ. ಮನೇಲಿ ಯಾರೂ ನಂಬಲ್ಲ, ಸೋಮಾರಿತನ ಅಂತಾರೆ," ಎಂದರು. ಇಷ್ಟು ಕಾಲದಲ್ಲಿ 'ನನಗೂ' ಅಂದವರು ಅವರೊಬ್ಬರೇ.

ಡಾಕ್ಟರು ಕನ್ನಡಕದ, ಮೆತ್ತಗೆ ಮಾತಾಡುವ ಮನುಷ್ಯ. ಮೊಣಕಾಲ ಮೇಲೆ, ಹಿಮ್ಮಡಿಯ ಹಿಂದೆ ಒಂದು ರಬ್ಬರ್ ಸುತ್ತಿಗೆಯಿಂದ ತಟ್ಟಿದರು. ಗಂಟಲು ಕೆಟ್ಟರೆ ಕಾಲಿಗೆ ಯಾಕೆ ಹೊಡೀತಾರೆ ಎಂದು ಅವ್ವ ಕಣ್ಣಲ್ಲೇ ಕೇಳಿದರು. ಆಮೇಲೆ ಕುತ್ತಿಗೆಗೆ ಬಂದರು. ಅಲ್ಲಿ ಅವ್ವ ಮನೆಯಲ್ಲಿ ಬಳಿದ ಸುಣ್ಣ, ಅರಿಸಿನದ ಕಲೆ ಇನ್ನೂ ಇತ್ತು.

"ಮದ್ದು ಹಾಕಿದ್ದೀರಾ?" ಎಂದರು ಡಾಕ್ಟರು.

ಅವ್ವ ಬೆಂಚಿನಿಂದ ಎದ್ದೇಬಿಟ್ಟರು. "ಅಲ್ಲವಾ ಮತ್ತೆ! ನೋಡಿದ ಕೂಡ್ಲೆ ಗೊತ್ತಾತಲ್ಲ ನಿಮ್ಗೆ! ಹಾಕಿದ್ದೇ ಡಾಕ್ಟ್ರೇ."

"ಯಾರು ಹಾಕಿದ್ದು?"

"ಇವನ ಹೆಂಡ್ತಿ."

"ದಿನಾ ಹಾಕ್ತಿದ್ರಾ?"

"ದಿನಾ! ಬೆಳಗ್ಗೆ, ಕಾಫಿಗೆ!"

ಡಾಕ್ಟರು ಕನ್ನಡಕ ತೆಗೆದರು. "ಕುತ್ತಿಗೆಗೆ ಹಚ್ಚೋದನ್ನ ಕಾಫಿಗೆ ಯಾಕಮ್ಮ ಹಾಕಿದ್ರು?"

ಅಲ್ಲಿದ್ದ ನರ್ಸಮ್ಮ ಕೊಡಗಿನ ಕಡೆಯವಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕು, ಡಾಕ್ಟರ ಹತ್ತಿರ ಹೋಗಿ ಮೆಲ್ಲಗೆ ವಿಷಯ ಹೇಳಿದಳು. ಅವರು ನಗಲಿಲ್ಲ. ಸ್ಟೂಲು ಎಳೆದುಕೊಂಡು ಅವ್ವನ ಎದುರು ಕೂತರು. "ಕೇಳಿ ತಾಯಿ. ಇವರಿಗೆ ಯಾರೂ ಏನೂ ಹಾಕಿಲ್ಲ. ಮೈಯನ್ನ ಕಾಯೋಕೆ ಮೈಯೊಳಗೇ ಒಂದು ಕಾವಲು ಇರುತ್ತೆ. ಇವರಲ್ಲಿ ಆ ಕಾವಲೇ ಕುತ್ತಿಗೆಯ ಗ್ರಂಥಿಯನ್ನ ಕಳ್ಳ ಅಂತ ತಿಳ್ಕೊಂಡು ಹೊಡೀತಿದೆ. ಹೊಡೆದ ಜಾಗ ಊದಿ ಉರಿಯೂತ ಆಗಿದೆ. ಹೊರದೇಶದಲ್ಲಿ ಈಚೆಗಷ್ಟೆ ಗೊತ್ತಾಗಿರೋ ಸಂಗತಿ. ನಿಮ್ಮ ಮಾತಲ್ಲೇ ಹೇಳೋದಾದ್ರೆ, ಇವರ ಮೈಯೇ ಇವರಿಗೆ ಮದ್ದು ಹಾಕ್ತಾ ಇದೆ."

ಅವ್ವ ನನ್ನ ಕೈ ಎತ್ತಿ ಬಳೆ ಇದೆಯೇನೋ ಎಂದು ನೋಡಿದರು. "ಮೈಗೆ ಬಳೆ ಉಟ್ಟಾ ಡಾಕ್ಟ್ರೇ?" ಎಂದು ಕೇಳಿದರು.

ಡಾಕ್ಟರು ನನ್ನ ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಕೊಟ್ಟು ಮೈ ಎಷ್ಟು ನಿಧಾನ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಉಸಿರಿನ ಪರೀಕ್ಷೆ ಮಾಡಿಸಿದರು. ಅವ್ವ ಬಾಗಿಲು ಹಿಡಿದು ನಿಂತೇ ಇದ್ದರು, ಮಗನ ಉಸಿರು ಕಟ್ಟಿಸುತ್ತಿದ್ದಾರೆ ಎಂದು. ಕೊನೆಗೆ ಒಂದು ಸಣ್ಣ ಬಾಟಲಿ ಮಾತ್ರೆ ಬಂತು. ಕುರಿಯ ಕುತ್ತಿಗೆಯ ಗ್ರಂಥಿಯನ್ನು ಒಣಗಿಸಿ ಮಾಡಿದ್ದಂತೆ. ಕುರಿಯೇ ತಾನೆ, ಬೇರೆ ಏನಲ್ಲ ತಾನೆ ಎಂದು ಅವ್ವ ಮತ್ತೆ ಮತ್ತೆ ಕೇಳಿ ಗಟ್ಟಿ ಮಾಡಿಕೊಂಡರು. ಬದುಕಿರುವ ತನಕ, ಬೆಳಗ್ಗೆ ಬರಿ ಹೊಟ್ಟೆಗೆ. ಕುತ್ತಿಗೆಗೆ ಸುಣ್ಣ ಬಳಿಯಬಾರದು, ಉಜ್ಜಬಾರದು, ಕೆಣಕಿದಷ್ಟೂ ಊತ ಹೆಚ್ಚುತ್ತದೆ. "ಈ ಕಾಯಿಲೆಯಲ್ಲಿ ಮರೆವು ಜಾಸ್ತಿ. ಮಾತ್ರೆಯನ್ನ ಇವರ ಕೈಗೆ ಬಿಡಬೇಡಿ. ಹೆಂಡತಿ ಕೈಲಿ ಕೊಡಿಸಿ," ಎಂದರು.

ಬಸ್ಸು ಹುಣಸೂರು ದಾಟಿತು. ತಿತಿಮತಿಯ ಕಾಡಿನಲ್ಲಿ ಆನೆ ದಾಟಲೆಂದು ಬಸ್ಸು ನಿಂತಾಗ, ಅವ್ವ ಮುಂದೆ ನೋಡುತ್ತಲೇ ಕೇಳಿದರು. "ಕರೆದರೆ ಬಂದಾಳಾ ಆ ಗೂಡೆ?"

ಗೂಡೆ ಎಂದರೆ ಹುಡುಗಿ, ದೇವಕಿ. ನನಗೂ ಅದೇ ಸಂಶಯ. ನನ್ನ ಕಾಯಿಲೆಗೆ ಈಗ ಮಾತ್ರೆ ಇತ್ತು. ಅವಳು ಬಾರದಿದ್ದರೆ ಅದಕ್ಕೆ ಇರಲಿಲ್ಲ.

ಚೆಟ್ಟಳ್ಳಿಯಲ್ಲಿ ದೇವಕಿ ನಮ್ಮನ್ನು ಒಳಗೆ ಕರೆದು ನೀರು ಕೊಟ್ಟಳು. ಕಾಫಿ ಕೊಡಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಅವ್ವ ತಮಗೆ ತಿಳಿದ ಹಾಗೆ ಹೇಳಿದರು. ಕಳ್ಳ, ಕಾವಲುಗಾರ, ಕುರಿ, ಎಲ್ಲ ಒಂದರೊಳಗೊಂದು ಬೆರೆತುಹೋಗಿತ್ತು. ಅವಳು ಕೇಳಿ ಮುಗಿಸಿ, ನನ್ನ ಕಡೆ ತಿರುಗಿದಳು. "ನೀವು ಕಾಫಿ ಮೂಸೋದು ನಂಗೆ ಕಾಣಲಿಲ್ಲಾಂತ ತಿಳ್ಕೊಂಡಿದ್ರಾ?"

"ಕಂಡಿತ್ತಾ?"

"ಮೂಸಿ ಕುಡೀತಿದ್ರಲ್ಲ, ಅದಕ್ಕೇ ಸುಮ್ಮನಿದ್ದೆ. ಮೂಸಿ ಚೆಲ್ಲಿದ್ದರೆ ಅವತ್ತೇ ಹೊರಡ್ತಿದ್ದೆ." ಆಮೇಲೆ ಅವ್ವನಿಗೆ ಹೇಳಿದಳು. "ಬರ್ತೇನೆ ಅತ್ತೆ. ಅಡುಗೆ ಮಾಡ್ತೇನೆ, ಎಲ್ಲ ಮಾಡ್ತೇನೆ. ಈ ಮಾತ್ರೆ ಮಾತ್ರ ನಾನು ಮುಟ್ಟೋದಿಲ್ಲ. ನಾಳೆ ಹೆಚ್ಚು ಕಮ್ಮಿ ಆದರೆ ನನ್ನ ಬಳೆ ಲೆಕ್ಕ ಮಾಡ್ತೀರಿ. ನೀವೇ ಕೊಡಿ."

ಹಾಗೆ ನಮ್ಮ ಮನೆಯಲ್ಲಿ ಮದ್ದು ಕೊಡುವ ಕೆಲಸ ಅವ್ವನಿಗೆ ಬಂತು. ಬೆಳಗಾದರೆ ಬಾಟಲಿ ಅಲ್ಲಾಡಿಸಿ, ಒಂದು ಮಾತ್ರೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ನಿನ್ನೆಯದರ ಹಾಗೇ ಇದೆ ಎಂದು ಖಾತ್ರಿಯಾದ ಮೇಲೆ ನನ್ನ ಅಂಗೈಗೆ ಹಾಕುವರು. ದೇವಕಿ ನೀರಿನ ಚೊಂಬು ದೂರದಲ್ಲಿಟ್ಟು ಅಡುಗೆಮನೆಗೆ ಹೋಗುವಳು. ಎಂಥ ಕೆಲಸವಿದ್ದರೂ ಆ ಹೊತ್ತಿಗೆ ಅವಳು ಈಚೆ ಬರಲಿಲ್ಲ.

ಗುಣ ಒಮ್ಮೆಲೆ ಕಾಣಲಿಲ್ಲ. ಮೊದಲು ಪಾದ ಬೆಚ್ಚಗಾಯಿತು. ಅದು ನಿಜವೋ ಭ್ರಮೆಯೋ ಎಂದು ಸಾಕ್ಸು ಕಳಚಿ ಕಳಚಿ ಮುಟ್ಟಿ ನೋಡಿಕೊಂಡೆ. ಮುಖದ ಊತ ಇಳಿದು ಕನ್ನಡಿಯ ಅಣ್ಣ ಹೊರಟುಹೋದ. ಕುತ್ತಿಗೆಯ ಗಂಟು ಮೆತ್ತಗಾಯಿತು, ಪೂರ್ತಿ ಹೋಗಲಿಲ್ಲ. ಈಗಲೂ ಹಿಡಿತವಿಲ್ಲದೆ ದುಡಿದರೆ, ನಿದ್ದೆಗೆಟ್ಟರೆ, ಒಳಗಿನ ಕಾವಲುಗಾರ ಎದ್ದು ಕೂರುತ್ತಾನೆ, ಕುತ್ತಿಗೆ ಬಿಗಿಯುತ್ತದೆ. ಆಗ ನಾಲ್ಕು ದಿನ ಬೇಗ ಮಲಗುತ್ತೇನೆ, ಮೇಸ್ತ್ರಿಯಿಂದ ಹೆಸರು ಕೂಗಿಸುತ್ತೇನೆ, ಯಾರ ಮೇಲೂ ಕೂಗಾಡುವುದಿಲ್ಲ. ಅವನನ್ನು ಗದರಿಸಿ ಪ್ರಯೋಜನವಿಲ್ಲ, ಸಮಾಧಾನ ಮಾಡಿ ಮಲಗಿಸಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಊದಿ, ಮಂಕಾಗಿ, ಹೂಂ ಹೂಂ ಎನ್ನುತ್ತ ಕೂತಿದ್ದರೆ, ಅಡುಗೆಮನೆಯ ಕಡೆ ನೋಡುವ ಮೊದಲು ಅವರ ಕುತ್ತಿಗೆ ನೋಡಿ.

ಸಾರಿಗೆ ಉಪ್ಪು ಹೆಚ್ಚಾಯಿತೆಂದು ನಾನು ಮತ್ತೆ ಕೂಗಿದ ದಿನ, ದೇವಕಿ ತಟ್ಟೆಯೆದುರು ಸೊಂಟಕ್ಕೆ ಕೈಕೊಟ್ಟು ನಿಂತು ಸರಿಯಾಗಿ ತಿರುಗಿಸಿ ಕೊಟ್ಟಳು. ಅವ್ವ ಜಗಲಿಯಲ್ಲಿ ಕೂತು ಇಬ್ಬರ ಜಗಳವನ್ನೂ ಸೋಬಾನೆ ಪದ ಕೇಳುವಂತೆ ಕೇಳಿದರು. ಆದರೂ ಮರುದಿನ ಮಾತ್ರೆ ಕೊಟ್ಟದ್ದು ಅವ್ವನೇ. ದೇವಕಿ ಅಡುಗೆಮನೆಯಲ್ಲೇ ಇದ್ದಳು.

ಮಾವನ ಮಗಳ ಮದುವೆಗೆ ಮೂವರೂ ಹೋದೆವು. ಹಿಂದಿನ ದಿನ ಚಪ್ಪರದಲ್ಲಿ ನೆಂಟರೆಲ್ಲ ತರಕಾರಿ ಹೆಚ್ಚುತ್ತ ಕೂತಿದ್ದಾಗ, ಚಪ್ಪರ ಸರಿಯಾಗಿ ಕಟ್ಟಲಿಲ್ಲವೆಂದು ನಾನು ಯಾರನ್ನೋ ಗದರಿಸಿದೆ. ದನಿ ಅಂಗಳ ದಾಟಿ ಗದ್ದೆಗೆ ಹೋಯಿತು. ಮಾವ ಹೆಗಲ ಮೇಲಿನ ಟವಲು ಕೊಡವಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಕೇಳಿದ್ರಾ ದನಿ! ಘಟ್ಟದ ಕೆಳಗೆ ಕರ್ಕೊಂಡು ಹೋದ್ದು ಯಾರು? ನಾನು. ಮದ್ದು ತೆಗೆಸಿದ ಮೇಲೆ ಹೆಂಗೆ ಉಟ್ಟು ನೋಡಿ!"

ಹೆಂಗಸರ ಕಣ್ಣೆಲ್ಲ ಒಮ್ಮೆಲೆ ದೇವಕಿಯ ಕಡೆ ಹೋಯಿತು. ಅವಳು ತಲೆ ಬಗ್ಗಿಸಿ ಸೌತೆಕಾಯಿ ಹೆಚ್ಚುತ್ತಲೇ ಇದ್ದಳು. ಕತ್ತಿ ಮಾತ್ರ ನಿಧಾನವಾಯಿತು.

"ತೆಗೆಸಿಲ್ಲೆ ತಮ್ಮ," ಎಂದರು ಅವ್ವ. "ಹಾಕಿಸ್ತಾ ಉಟ್ಟು. ದಿನಾ ಬೆಳಗ್ಗೆ. ಮೈಸೂರಿನ ದೊಡ್ಡ ಡಾಕ್ಟ್ರೇ ಹೇಳಿದ್ದು, ಇವನಿಗೆ ಮದ್ದು ಹಾಕದಿದ್ದರೆ ಆಗುದಿಲ್ಲೆಂತ."

"ಯಾರು ಹಾಕುದು?" ಎಂದು ಯಾರೋ ಕೇಳಿದರು.

"ಇನ್ಯಾರು? ನನ್ನ ಸೊಸೆ."

ದೇವಕಿ ತಲೆ ಎತ್ತಿದಳು. ಅವ್ವ ಅವಳ ಕಡೆ ನೋಡಲಿಲ್ಲ. ಒಂದು ಸೌತೆಕಾಯಿ ಎತ್ತಿಕೊಂಡು, ಕಹಿ ಇದೆಯೋ ಏನೋ ಎಂದು ತುದಿ ಕತ್ತರಿಸಿ ನೆಕ್ಕಿ ನೋಡಿದರು. ಅಷ್ಟು ಜನರೆದುರು ಅವ್ವ ಅಷ್ಟು ದೊಡ್ಡ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮರುದಿನ ಮುಹೂರ್ತದ ಗಡಿಬಿಡಿಯಲ್ಲಿ ನಾನು ಪಂಚೆ ಉಡುತ್ತಿದ್ದೆ. ದೇವಕಿ ನೆಂಟರ ನಡುವಿನಿಂದ ದಾರಿ ಮಾಡಿಕೊಂಡು, ಒಂದು ಕೈಯಲ್ಲಿ ನೀರು, ಒಂದು ಕೈಯಲ್ಲಿ ಮಾತ್ರೆ ಹಿಡಿದು ಬಂದಳು. ನಾನು ಅವಳ ಮುಖ ನೋಡಿದೆ.

"ಎಂಥ ನೋಡುದು? ಅತ್ತೆ ಹೇಳಿದ ಮಾತು ಸುಳ್ಳಾಗಬಾರದಲ್ಲ," ಎಂದಳು.

ನುಂಗಿದೆ. ಅವಳು ಹೋಗಲಿಲ್ಲ. ಎಷ್ಟಾದರೂ ಅವಳು ನನ್ನನ್ನು ಬಲ್ಲವಳು.

"ನುಂಗಿದ್ರಾ, ದವಡೆಯಲ್ಲಿ ಇಟ್ಟುಕೊಂಡಿದ್ದೀರಾ? ಬಾಯಿ ತೆಗೀರಿ, ನೋಡ್ತೇನೆ."